ನ್ಯೂಯಾರ್ಕ್ ನಗರದ ಸರಕಾರಿ ಹೈಸ್ಕೂಲುಗಳನ್ನು ಹೋಲಿಸಿ ನೋಡುವ ಬಗೆ: ಇಬ್ಬರು ಮಕ್ಕಳನ್ನು ಓದಿಸಿದ ಪೋಷಕರ ವಿಮರ್ಶೆ

ನಮ್ಮ ಇಬ್ಬರು ಮಕ್ಕಳೂ ನ್ಯೂಯಾರ್ಕ್ ನಗರದ ಸರಕಾರಿ ಹೈಸ್ಕೂಲುಗಳಲ್ಲೇ ಓದಿದವರು. ಮಗಳು ಸಾವಿರಾರು ವಿದ್ಯಾರ್ಥಿಗಳಿರುವ ದೊಡ್ಡ ಶಾಲೆಗೆ ಸೇರಿದಳು. ಮಗ ಹಳೆಯ ಕಟ್ಟಡವೊಂದರ ಒಂದೇ ಮಹಡಿಯಲ್ಲಿ ನಡೆಯುವ ಸಣ್ಣ ಶಾಲೆಗೆ ಹೋದ. ಎರಡು ಸಲವೂ ನಗರದ ಶಿಕ್ಷಣ ಇಲಾಖೆಯ ಮೈಸ್ಕೂಲ್ಸ್ ಅರ್ಜಿ ವ್ಯವಸ್ಥೆ, ಶಾಲಾ ಗುಣಮಟ್ಟದ ವರದಿಗಳು ಮತ್ತು ಪ್ರವೇಶದ ಲಾಟರಿ ಇವೆಲ್ಲವನ್ನೂ ಬಳಸಿದ್ದರಿಂದ, ಶಾಲೆಗಳನ್ನು ಹೋಲಿಸಲು ಇವು ಎಷ್ಟರ ಮಟ್ಟಿಗೆ ನೆರವಾಗುತ್ತವೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅರ್ಜಿಯ ವ್ಯವಸ್ಥೆ ಚೆನ್ನಾಗಿದೆ. ಅಂಕಿ ಅಂಶಗಳೂ ಹೇರಳವಾಗಿವೆ. ಆದರೆ ಎಲ್ಲರ ಕಣ್ಣಿಗೆ ಮೊದಲು ಬೀಳುವ ಅಂಕಿಯೇ ಎಲ್ಲಕ್ಕಿಂತ ಕಡಿಮೆ ಉಪಯೋಗದ್ದು.

ಅಮೆರಿಕದ ಅತಿ ದೊಡ್ಡ ಶಾಲಾ ಜಿಲ್ಲೆಯಾದ ಈ ನಗರದಲ್ಲಿ 400ಕ್ಕೂ ಹೆಚ್ಚು ಸರಕಾರಿ ಹೈಸ್ಕೂಲುಗಳಿವೆ. ಕೆಲವು ಶಾಲೆಗಳಲ್ಲಿ ಒಂದಕ್ಕಿಂತ ಹೆಚ್ಚು ಪ್ರೋಗ್ರಾಮುಗಳಿದ್ದು, ಒಂದೊಂದಕ್ಕೂ ಪ್ರವೇಶದ ನಿಯಮ ಬೇರೆ. ಕೆಲವಕ್ಕೆ ಲಾಟರಿ ಮಾತ್ರ. ಕೆಲವಕ್ಕೆ 7ನೇ ತರಗತಿಯ ಮುಖ್ಯ ವಿಷಯಗಳ ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ, ಗುಂಪಿನೊಳಗೆ ಲಾಟರಿ. ಕಲಾ ಶಾಲೆಗಳಿಗೆ ಆಡಿಷನ್. 8ನೇ ತರಗತಿಯ ಚಳಿಗಾಲದ ಹೊತ್ತಿಗೆ ಪಟ್ಟಿಯನ್ನು ಸಲ್ಲಿಸಬೇಕು. ನಮ್ಮ ಮಕ್ಕಳ ಸರದಿಯಲ್ಲಿ ಆದ್ಯತೆಯ ಕ್ರಮದಲ್ಲಿ 12 ಪ್ರೋಗ್ರಾಮುಗಳನ್ನು ಬರೆಯಲು ಅವಕಾಶವಿತ್ತು.

ಈ ಪಟ್ಟಿಯನ್ನು ಸೀಟಿನೊಂದಿಗೆ ಹೊಂದಿಸುವ ವಿಧಾನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹಿಂದಿನ ಪದ್ಧತಿಯಲ್ಲಿ ಕೆಲವು ಮಕ್ಕಳಿಗೆ ಹಲವು ಶಾಲೆಗಳಿಂದ ಕರೆ ಬರುತ್ತಿತ್ತು, ಸುಮಾರು 30,000 ಮಕ್ಕಳು ತಾವು ಕೇಳದ ಶಾಲೆಗೆ ಹೋಗಬೇಕಾಗುತ್ತಿತ್ತು. ಆಲ್ವಿನ್ ರಾಥ್, ಪರಾಗ್ ಪಾಠಕ್ ಮತ್ತು ಅತೀಲಾ ಅಬ್ದುಲ್‌ಕಾದಿರೋಗ್ಲು ಎಂಬ ಅರ್ಥಶಾಸ್ತ್ರಜ್ಞರ ನೆರವಿನಿಂದ 2003-04ರಲ್ಲಿ ಹೊಸ ಪದ್ಧತಿ ಬಂದ ಮೇಲೆ ಆ ಸಂಖ್ಯೆ ಸುಮಾರು 3,000ಕ್ಕೆ ಇಳಿಯಿತು; ರಾಥ್ ಅವರಿಗೆ 2012ರಲ್ಲಿ ನೊಬೆಲ್ ದೊರೆತದ್ದು ಇಂಥ ಹೊಂದಾಣಿಕೆಯ ಕೆಲಸಗಳಿಗಾಗಿಯೇ. ಪೋಷಕರು ಇದರಿಂದ ತಿಳಿಯಬೇಕಾದದ್ದು ಇಷ್ಟೆ: ಒಂದು ಶಾಲೆಯನ್ನು ಮೊದಲನೆಯದಾಗಿ ಬರೆದು ಅಲ್ಲಿ ಸೀಟು ಸಿಗದಿದ್ದರೆ, ಎರಡನೆಯದರಲ್ಲಿ ನಿಮ್ಮ ಅವಕಾಶ ಕುಗ್ಗುವುದಿಲ್ಲ. ಆದ್ದರಿಂದ ‘ಮೊದಲನೆಯದಾಗಿ ಬರೆದರೆ ಮಾತ್ರ ತೆಗೆದುಕೊಳ್ಳುತ್ತಾರೆ’ ಎಂಬ ಪರಿಚಿತರ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ನಿಜವಾಗಿ ಇಷ್ಟವಾದ ಕ್ರಮದಲ್ಲೇ ಬರೆಯಬೇಕು. ಪಟ್ಟಿಗೆ ಮಿತಿ ಇರುವಾಗ ಎಲ್ಲವನ್ನೂ ದುರ್ಲಭ ಶಾಲೆಗಳಿಂದ ತುಂಬಬಾರದು ಎಂಬುದೊಂದೇ ಎಚ್ಚರಿಕೆ. ಲಾಟರಿಯ ಸಂಖ್ಯೆಯನ್ನು ಇಲಾಖೆಯೇ ಮುಂಚಿತವಾಗಿ ತೋರಿಸುತ್ತದೆ. ಅಂಕಿ ಮತ್ತು ಅಕ್ಷರಗಳು ಬೆರೆತ ಆ ಉದ್ದನೆಯ ಸಾಲನ್ನು ನೋಡಿ ಗಾಬರಿಯಾಗಬೇಕಿಲ್ಲ. 0ಯಿಂದ ಆರಂಭವಾದರೆ ಸರದಿಯ ಮುಂದಿನ ತುದಿ, ಎಫ್ ಅಕ್ಷರದಿಂದ ಆರಂಭವಾದರೆ ಹಿಂದಿನ ತುದಿ, 7 ಅಥವಾ 8 ಇದ್ದರೆ ನಡುವೆ.

ಇನ್ನು ಹೋಲಿಕೆಯ ವಿಷಯಕ್ಕೆ ಬರುತ್ತೇನೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿ ನೋಡುತ್ತ ಬೆಳೆದ ನಮ್ಮಂಥವರ ಕಣ್ಣು ಸಹಜವಾಗಿಯೇ ನಾಲ್ಕು ವರ್ಷಗಳಲ್ಲಿ ಹೈಸ್ಕೂಲು ಮುಗಿಸಿದವರ ಶೇಕಡಾವಾರು ಅಂಕಿಯತ್ತ ಹೋಗುತ್ತದೆ. ಆದರೆ 7ನೇ ತರಗತಿಯಲ್ಲಿ ಉತ್ತಮ ಅಂಕ ಗಳಿಸಿದ ಮಕ್ಕಳನ್ನೇ ಆರಿಸಿಕೊಳ್ಳುವ ಶಾಲೆಯಲ್ಲಿ ಬಹುತೇಕ ಎಲ್ಲರೂ ಪಾಸಾದರೆ, ಅದು ಬಂದ ಮಕ್ಕಳ ವರದಿಯೇ ಹೊರತು ಶಾಲೆಯ ವರದಿಯಲ್ಲ. ಇಲಾಖೆಯ ಡ್ಯಾಶ್‌ಬೋರ್ಡ್ ಈ ವಿಷಯದಲ್ಲಿ ಪ್ರಾಮಾಣಿಕವಾಗಿದೆ. ಅದು ವಿದ್ಯಾರ್ಥಿಗಳ ಸಾಧನೆಗೆ ಒಂದು ಅಂಕವನ್ನೂ, ಅದೇ ಹಿನ್ನೆಲೆಯ ಮಕ್ಕಳಿಂದ ನಿರೀಕ್ಷಿಸಬಹುದಾದದ್ದಕ್ಕಿಂತ ಶಾಲೆ ಎಷ್ಟು ಹೆಚ್ಚು ಸಾಧಿಸಿತು ಎಂಬುದಕ್ಕೆ ಇನ್ನೊಂದು ಅಂಕವನ್ನೂ ಕೊಡುತ್ತದೆ. ಎರಡನೆಯ ಅಂಕದ ಪ್ರಕಾರ ಶಾಲೆಗಳನ್ನು ಜೋಡಿಸಿದಾಗ ಪಟ್ಟಿಯ ಕ್ರಮ ಎಷ್ಟು ಬದಲಾಗುತ್ತದೆ ಎಂದರೆ, ಯಾರೂ ಹೆಸರೆತ್ತದ ಹಲವು ಶಾಲೆಗಳು ಮೇಲಕ್ಕೆ ಬರುತ್ತವೆ. ಮಗನ ಶಾಲೆ ನಮಗೆ ಸಿಕ್ಕಿದ್ದು ಹೀಗೆಯೇ.

ಇದು ಕೇವಲ ನನ್ನ ಅಭಿಪ್ರಾಯವಲ್ಲ. ಸ್ಟೈವೆಸೆಂಟ್, ಬ್ರಾಂಕ್ಸ್ ಸೈನ್ಸ್, ಬ್ರೂಕ್ಲಿನ್ ಟೆಕ್ ಶಾಲೆಗಳ ಪ್ರವೇಶ ಪರೀಕ್ಷೆಯಲ್ಲಿ ಸ್ವಲ್ಪದರಲ್ಲೇ ಸೀಟು ಪಡೆದವರನ್ನೂ ಸ್ವಲ್ಪದರಲ್ಲೇ ಕಳೆದುಕೊಂಡವರನ್ನೂ ಹೋಲಿಸಿ ಅಬ್ದುಲ್‌ಕಾದಿರೋಗ್ಲು, ಜೋಶುವಾ ಆಂಗ್ರಿಸ್ಟ್ ಮತ್ತು ಪಾಠಕ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಎರಡು ಗುಂಪುಗಳ ಮುಂದಿನ ಪರೀಕ್ಷಾ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ನಗರವು 2000ದ ದಶಕದಲ್ಲಿ ಸೋಲುತ್ತಿದ್ದ ದೊಡ್ಡ ಶಾಲೆಗಳನ್ನು ಮುಚ್ಚಿ ತೆರೆದ ಸಣ್ಣ ಶಾಲೆಗಳಿಗೆ ಲಾಟರಿಯಲ್ಲಿ ಸೀಟು ಗೆದ್ದವರನ್ನು ಸೋತವರೊಂದಿಗೆ ಹೋಲಿಸಿದ ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆಯ 2010ರ ವರದಿ, ಗೆದ್ದವರಲ್ಲಿ ಹೈಸ್ಕೂಲು ಮುಗಿಸುವವರ ಪ್ರಮಾಣ ಶೇಕಡಾ 62ರ ಆಸುಪಾಸಿನಿಂದ 69ರ ಆಸುಪಾಸಿಗೆ ಏರಿದ್ದನ್ನು ದಾಖಲಿಸಿತು. ಹೆಸರುವಾಸಿ ಶಾಲೆಗಳಲ್ಲಿ ಒಳ್ಳೆಯ ಸಹಪಾಠಿಗಳು, ಪ್ರಯೋಗಾಲಯಗಳು, ಸಂಘಗಳು ಸಿಗುತ್ತವೆ, ಅವಕ್ಕೂ ಬೆಲೆಯಿದೆ. ಅಲ್ಲಿ ಸೀಟು ಸಿಗದ ಮಗುವಿನ ಭವಿಷ್ಯವೇ ಮುಳುಗಿತು ಎಂಬಂತೆ ನಮ್ಮ ಜನ ಮಾತಾಡುವುದಕ್ಕೆ ಮಾತ್ರ ಆಧಾರವಿಲ್ಲ.

ಸ್ಟೈವೆಸೆಂಟ್‌ನಂಥ ಶಾಲೆಗಳ ಆ ಪ್ರವೇಶ ಪರೀಕ್ಷೆಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಕೋಚಿಂಗ್ ಕೇಂದ್ರದವರು ಬೇಕಾದಷ್ಟು ಹೇಳುತ್ತಾರೆ. ಇಂಥ ಎಂಟು ಶಾಲೆಗಳ ಸುಮಾರು 4,000 ಸೀಟುಗಳಿಗೆ ಪ್ರತಿವರ್ಷ ಸುಮಾರು 26,000 ಮಕ್ಕಳು ಕೂರುತ್ತಾರೆ. ಆ ಒಂದು ಅಂಕದ ಹೊರತು ಬೇರೇನನ್ನೂ ಪರಿಗಣಿಸುವುದಿಲ್ಲ, ಇದಕ್ಕೆ ಮೂಲ 1971ರ ರಾಜ್ಯ ಕಾನೂನು. ಅದರ ಅರ್ಜಿ ಬೇರೆಯೇ ಇರುವುದರಿಂದ ಮುಖ್ಯ ಪಟ್ಟಿಯಲ್ಲಿ ಜಾಗ ಕಡಿಮೆಯಾಗುವುದಿಲ್ಲ.

ಅಂಕಿಗಳನ್ನು ಓದುವಾಗ ಇನ್ನೊಂದು ತೊಡಕಿದೆ. ಬಹುತೇಕ ಶಾಲೆಗಳ ಮಕ್ಕಳು ರಾಜ್ಯದ ರೀಜೆಂಟ್ಸ್ ಪರೀಕ್ಷೆಗಳನ್ನು ಬರೆಯುತ್ತಾರೆ. ಪರ್ಫಾರ್ಮೆನ್ಸ್ ಸ್ಟ್ಯಾಂಡರ್ಡ್ಸ್ ಕನ್ಸಾರ್ಷಿಯಂ ಎಂಬ ಒಕ್ಕೂಟದ ಕೆಲವು ಹತ್ತಾರು ಶಾಲೆಗಳಲ್ಲಿ ಇಂಗ್ಲಿಷ್ ಬಿಟ್ಟು ಉಳಿದ ಪರೀಕ್ಷೆಗಳ ಬದಲಿಗೆ ದೀರ್ಘ ಪ್ರಬಂಧ ಮತ್ತು ಪ್ರಯೋಗಗಳನ್ನು ಸಿದ್ಧಪಡಿಸಿ ಸಮಿತಿಯ ಮುಂದೆ ಸಮರ್ಥಿಸಿಕೊಳ್ಳಬೇಕು. ರೀಜೆಂಟ್ಸ್ ಅಂಕವನ್ನು ಹಿಡಿದು ಈ ಎರಡು ಬಗೆಯ ಶಾಲೆಗಳನ್ನು ತೂಗಿದರೆ ತಕ್ಕಡಿಯ ಒಂದು ತಟ್ಟೆ ಖಾಲಿಯೇ ಇರುತ್ತದೆ.

ನಾನು ಹೆಚ್ಚು ನಂಬುವುದು ಹಾಜರಾತಿಯ ಅಂಕಿಯನ್ನು, ಅದರಲ್ಲೂ ವರ್ಷದ ದಿನಗಳಲ್ಲಿ ಹತ್ತರಲ್ಲೊಂದು ಪಾಲು ಅಥವಾ ಅದಕ್ಕಿಂತ ಹೆಚ್ಚು ತಪ್ಪಿಸಿಕೊಂಡ ವಿದ್ಯಾರ್ಥಿಗಳ ಪ್ರಮಾಣವನ್ನು. ಮಕ್ಕಳ ಹಿನ್ನೆಲೆಯಲ್ಲಿ ಹೆಚ್ಚು ಅಂತರವಿಲ್ಲದ ಎರಡು ಶಾಲೆಗಳಲ್ಲಿ ಈ ಅಂಕಿ ದೂರ ದೂರವಿದ್ದರೆ ಅದಕ್ಕೆ ಕಾರಣ ಕೇಳಲೇಬೇಕು. ವಾರ್ಷಿಕ ಸಮೀಕ್ಷೆಯಲ್ಲಿ ಪೋಷಕರ ಉತ್ತರಗಳು ಎಲ್ಲ ಕಡೆಯೂ ಸಿಹಿಯಾಗಿಯೇ ಇರುತ್ತವೆ, ಅವನ್ನು ಬಿಟ್ಟುಬಿಡಬಹುದು. ಪ್ರಿನ್ಸಿಪಾಲರ ಮೇಲೆ ವಿಶ್ವಾಸವಿದೆಯೇ, ತರಗತಿಯಲ್ಲಿ ಶಿಸ್ತು ಇದೆಯೇ ಎಂಬ ಪ್ರಶ್ನೆಗಳಿಗೆ ಶಿಕ್ಷಕರು ಕೊಟ್ಟ ಉತ್ತರಗಳನ್ನು ಮಾತ್ರ ಗಮನವಿಟ್ಟು ಓದಬೇಕು. ನಾವು ನೋಡಲು ಹೋಗಿದ್ದ ಒಂದು ಶಾಲೆಯಲ್ಲಿ ಶಾಲೆಯನ್ನು ಸುತ್ತಿ ತೋರಿಸುವ ಕಾರ್ಯಕ್ರಮವನ್ನು ಸೊಗಸಾಗಿ ಏರ್ಪಡಿಸಿದ್ದರೂ ಶಿಕ್ಷಕರಲ್ಲಿ ಅರ್ಧದಷ್ಟು ಮಂದಿಗೆ ಆಡಳಿತದ ಮೇಲೆ ವಿಶ್ವಾಸವಿರಲಿಲ್ಲ, ಅದನ್ನು ಪಟ್ಟಿಯಿಂದ ಕೈಬಿಟ್ಟೆವು.

ಸಣ್ಣ ಶಾಲೆಯ ಮಿತಿಗಳು ನಮಗೆ ತಿಳಿದದ್ದು ಸೇರಿದ ಮೇಲೆಯೇ. ತರಗತಿಗೆ ನೂರರ ಆಸುಪಾಸಿನ ಮಕ್ಕಳಿರುವ ಶಾಲೆ ಹತ್ತಾರು ಎಪಿ (ಕಾಲೇಜು ಮಟ್ಟದ) ಕೋರ್ಸುಗಳನ್ನು ನಡೆಸಲಾರದು. ಒಂದೇ ವಿದೇಶಿ ಭಾಷೆ, ಒಬ್ಬರೇ ಭೌತಶಾಸ್ತ್ರದ ಶಿಕ್ಷಕರು, ಅವರು ಬಿಟ್ಟು ಹೋದರೆ ಆ ವರ್ಷ ಕೋರ್ಸೇ ಇಲ್ಲ. ಮೈಸ್ಕೂಲ್ಸ್‌ನಲ್ಲಿ ಕೋರ್ಸುಗಳ ಪಟ್ಟಿ ಇದೆಯಾದರೂ ಅವು ಈ ವರ್ಷ ನಿಜವಾಗಿ ನಡೆಯುತ್ತಿವೆಯೇ ಎಂಬುದನ್ನು ಕೌನ್ಸೆಲರ್ ಬಳಿ ಕೇಳಿಯೇ ತಿಳಿಯಬೇಕು. ಅದೇ ಶಾಲೆಯಲ್ಲಿ ಕೌನ್ಸೆಲರ್ ಪ್ರತಿ ಮಗುವನ್ನೂ ಹೆಸರು ಹಿಡಿದು ಕರೆಯುತ್ತಿದ್ದರು, ಕಾಲೇಜು ಅರ್ಜಿಯ ಸಮಯದಲ್ಲಿ ಇದು ಎಷ್ಟು ದೊಡ್ಡ ಅನುಕೂಲ ಎಂಬುದನ್ನು ಮಗಳ ದೊಡ್ಡ ಶಾಲೆಯೊಂದಿಗೆ ಹೋಲಿಸಿದಾಗಲೇ ಅರಿವಾದದ್ದು. ಆಟದ ತಂಡಗಳು ಒಂದೇ ಕಟ್ಟಡದ ಶಾಲೆಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಇರುವುದರಿಂದ ಆ ಬಗ್ಗೆ ಚಿಂತೆ ಬೇಡ.

ಪ್ರಯಾಣದ ಸಮಯವನ್ನು ಹಗುರವಾಗಿ ಕಾಣಬೇಡಿ. ನಗರದ ಬಸ್ಸು, ಸುರಂಗ ರೈಲುಗಳಿಗೆ ವಿದ್ಯಾರ್ಥಿಗಳು ಬಳಸುವ ಓಮ್ನಿ ಕಾರ್ಡಿನಲ್ಲಿ ದಿನಕ್ಕೆ ನಾಲ್ಕು ಸವಾರಿ ಉಚಿತ ಎಂಬುದು ನಿಜ. ಆದರೆ ಕ್ವೀನ್ಸ್‌ನಿಂದ ಬ್ರಾಂಕ್ಸ್‌ವರೆಗೆ ಎರಡು ರೈಲು ಬದಲಿಸಿ ಹೋಗುವ ಮಗುವಿಗೆ ನಾಲ್ಕು ವರ್ಷವೂ ನಿದ್ದೆಯ ಸಾಲ. ಜನವರಿಯ ಬೆಳಗ್ಗೆ ಶಾಲೆಯ ಸಮಯಕ್ಕೆ ಸರಿಯಾಗಿ ಒಮ್ಮೆ ಮಗುವಿನೊಂದಿಗೆ ಹೋಗಿಬಂದು ನೋಡುವುದು ಒಳ್ಳೆಯದು.

ಮಾರ್ಚ್‌ನಲ್ಲಿ ಫಲಿತಾಂಶ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಸಿಕ್ಕ ಶಾಲೆಗಿಂತ ಮೇಲೆ ಬರೆದಿದ್ದ ಎಲ್ಲ ಪ್ರೋಗ್ರಾಮುಗಳ ವೇಟ್‌ಲಿಸ್ಟಿನಲ್ಲೂ ಮಗುವಿನ ಹೆಸರು ತಾನಾಗಿಯೇ ಸೇರಿರುತ್ತದೆ, ಬೇರೆ ಶಾಲೆಗಳ ವೇಟ್‌ಲಿಸ್ಟಿಗೂ ಸೇರಿಸಬಹುದು. ಸಿಕ್ಕ ಸೀಟನ್ನು ಒಪ್ಪಿಕೊಂಡರೆ ಆ ಸರದಿ ತಪ್ಪುವುದಿಲ್ಲವಾದ್ದರಿಂದ, ಮೊದಲು ಒಪ್ಪಿಕೊಂಡು ಆಮೇಲೆ ಕಾಯಿರಿ.