ಮಳೆನೀರು: ಸಂಪಿಗೋ, ಇಂಗುಬಾವಿಗೋ?

ಬೆಂಗಳೂರಿನಲ್ಲಿ ನಿಮ್ಮದು 30x40 ಸೈಟು ಅಂದುಕೊಳ್ಳಿ, ಸುಮಾರು 111 ಚದರ ಮೀಟರ್. ತಾರಸಿಯೂ ಅಷ್ಟೇ ಇದ್ದರೆ, 20 ಮಿ.ಮೀ. ಮಳೆ ಸುರಿದ ಒಂದೇ ಸಂಜೆ 2,000 ಲೀಟರಿಗೂ ಜಾಸ್ತಿ ನೀರು ಪೈಪಿನಲ್ಲಿ ಧೋ ಅಂತ ಇಳಿಯುತ್ತದೆ. ಸುಮ್ನೆ ಮೋರಿಗೆ ಬಿಟ್ಟರೆ ಹೊಟ್ಟೆ ಉರಿಯುತ್ತೆ, ಅಲ್ವಾ?

ಸಂಪಿಗೆ ಬಿಟ್ಟರೆ ನೀರು ಮರುದಿನವೇ ಕೈಗೆ ಸಿಗುತ್ತದೆ. ಮೊದಲ ಮಳೆಯ ಕೊಳಕು ನೀರನ್ನು ಹೊರಗೆ ಬಿಟ್ಟು, ಫಿಲ್ಟರ್ ಹಾಕಿದರೆ ಬಟ್ಟೆಗೆ, ಪಾತ್ರೆಗೆ ಆಯಿತು. ತುಂಬಿದ ಮೇಲೆ ಮಾತ್ರ ಜಾಗವಿಲ್ಲ.

ಇಂಗುಬಾವಿಯ ಲೆಕ್ಕ ಬೇರೆ. 3 ಅಡಿ ಅಗಲ, 20 ಅಡಿ ಆಳ ತೋಡಿ, ಸಿಮೆಂಟ್ ರಿಂಗ್ ಇಳಿಸಿ, ತಳವನ್ನು ಮಣ್ಣಾಗಿಯೇ ಬಿಟ್ಟರೆ ಸುಮಾರು 4,000 ಲೀಟರ್ ಹಿಡಿಯುತ್ತದೆ. ನೀರು ಮೊದಲು ಶಿಥಿಲಗೊಂಡ ಮೇಲಿನ ಪದರಕ್ಕೆ ಇಳಿದು, ಆಮೇಲೆ ಗಟ್ಟಿ ಬಂಡೆಯ ಬಿರುಕುಗಳಿಗೆ ನಿಧಾನವಾಗಿ ಸೇರುತ್ತದೆ. ಹಾಗಾಗಿ 1,000 ಅಡಿ ಬೋರ್‌ವೆಲ್ ನಾಳೆಯೇ ತುಂಬುತ್ತದೆ ಅಂತ ಕಾಯಬೇಡಿ. ಪಕ್ಕದ ಬೀದಿಯ ತೆರೆದ ಬಾವಿಗೇ ಮೊದಲು ನೀರು ಬರಬಹುದು, ಬರಲಿ ಬಿಡಿ!

ದುಡ್ಡು ಒಂದಕ್ಕೇ ಇದ್ದರೆ, ಮನೆಯಲ್ಲಿ ಸಂಪು ಈಗಾಗಲೇ ಇದ್ದರೆ, ಅದಕ್ಕೆ ಫಿಲ್ಟರ್ ಜೋಡಿಸಿ. ಮುಂದಿನ ವರ್ಷ ಅದರ ಹೆಚ್ಚುವರಿ ನೀರಿಗೆ ಇಂಗುಬಾವಿ ತೋಡಿಸಿ. ತಾರಸಿ ಪೈಪನ್ನು ಮಾತ್ರ ನೇರವಾಗಿ ಬೋರ್‌ವೆಲ್ ಒಳಗೆ ಬಿಡಲೇಬೇಡಿ, ಕೊಳೆಯೆಲ್ಲ ಅಂತರ್ಜಲಕ್ಕೇ ಹೋಗುತ್ತದೆ.