ಹಾರ್ಮನಿ ಆ್ಯಪ್‌ನ ಸೆಕೆಂಡರಿ ಡಾಮಿನೆಂಟ್ ಪಾಠ: ಕಿವಿಗೆ ಹಬ್ಬ, ಬೇಸ್‌ಗೆ ಜಾಗವಿಲ್ಲ

ನಾನು ಹಾಡುವವರ ಗುಂಪಿಗೆ ಕೀಬೋರ್ಡ್ ನುಡಿಸುತ್ತೇನೆ. ಈ ಆ್ಯಪ್ ತಗೊಂಡಿದ್ದೇ ಸೆಕೆಂಡರಿ ಡಾಮಿನೆಂಟ್ ಪಾಠಕ್ಕೋಸ್ಕರ. ಅಂದರೆ, ಹಾಡಿನ ಮೂಲ ಕಾರ್ಡ್ (ಒಟ್ಟಿಗೆ ನುಡಿಸುವ ನೋಟ್‌ಗಳ ಗುಂಪು) ಬಿಟ್ಟು ಬೇರೊಂದು ಕಾರ್ಡ್ ಕಡೆಗೆ ಎಳೆಯುವ ಕಾರ್ಡ್. ಮೇಜರ್ ಸ್ಕೇಲ್ ಹಾಡಿನ ನಡುವೆ ಸ್ಕೇಲ್‌ಗೆ ಸೇರದ ಕಾರ್ಡ್ ಬಂದರೆ, ಅದು ಎಲ್ಲಿಗೆ ಹೊರಟಿದೆ ಅಂತ ಕೈಗೆ ಮೊದಲೇ ಗೊತ್ತಿರಬೇಕು, ಅಲ್ವಾ?

ಪಾಠವೆಲ್ಲಾ ಸಿ ಮೇಜರ್‌ನಲ್ಲಿದೆ. ಮೊದಲು ಎ7ನಿಂದ (ಎಯಿಂದ ಎಣಿಸಿದರೆ ಏಳನೇದಾದ ಜಿ ಕೂಡ ಸೇರಿದ ಕಾರ್ಡ್) ಡಿ ಮೈನರ್‌ಗೆ. ಇಲ್ಲಿ ಬೇರೆ ನೋಟ್‌ಗಳನ್ನೆಲ್ಲ ಮ್ಯೂಟ್ ಮಾಡಿ ಸಿ ಶಾರ್ಪ್ ಮತ್ತು ಜಿ ಎರಡನ್ನೇ ಕೇಳಿಸುತ್ತಾರೆ. ಸಿ ಶಾರ್ಪ್ ಒಂದು ಸೆಮಿಟೋನ್ (ಪಕ್ಕದ ಕೀಗೆ ಒಂದು ಹೆಜ್ಜೆ) ಏರಿ ಡಿ ಆಗುತ್ತದೆ, ಜಿ ಇಳಿದು ಎಫ್ ಆಗುತ್ತದೆ. ಅಷ್ಟು ಸಾಕು, ಕಾರ್ಡ್ ಯಾವ ಕಡೆ ಎಳೆಯುತ್ತಿದೆ ಅಂತ ಕಿವಿಗೇ ತಿಳಿಯುತ್ತದೆ. ಡಿ7ನಿಂದ ಜಿಗೆ ಹೋಗುವಾಗಲೂ ಅದೇ: ಎಫ್ ಶಾರ್ಪ್ ಮೇಲಕ್ಕೆ, ಸಿ ಕೆಳಕ್ಕೆ. ಸಿ7 ಬಂದಾಗ ಮೊದಲು ಬರೀ ಸಿ ಮೇಜರ್ ನುಡಿಸಿ, ಆಮೇಲೆ ಬಿ ಫ್ಲಾಟ್ ಸೇರಿಸುತ್ತಾರೆ. ಅಲ್ಲಿವರೆಗೆ ಸುಮ್ನೆ ಕೂತಿದ್ದ ಟಾನಿಕ್ (ಸ್ಕೇಲ್‌ನ ಮೂಲ ಕಾರ್ಡ್) ಆ ಕ್ಷಣಕ್ಕೆ ಎಫ್ ಕಡೆ ವಾಲುತ್ತದೆ. ಇದನ್ನು ಇಷ್ಟು ಸಲೀಸಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನನಗೆ ಅತಿ ಹೆಚ್ಚು ಹಿಡಿಸಿದ್ದು ಸರಪಳಿ ಪಾಠ. ಇ7, ಎ7, ಡಿ7, ಜಿ7, ಕೊನೆಗೆ ಸಿ. ಇ7ನಲ್ಲಿರುವ ಜಿ ಶಾರ್ಪ್ ಎಗೆ ಏರಬೇಕಿತ್ತು. ಆದರೆ ಮುಂದಿರುವುದು ಎ7 ಆದ್ದರಿಂದ ಅದು ಜಿಗೆ ಜಾರುತ್ತದೆ. ಅದೇ ಹೊತ್ತಿಗೆ ಡಿ ಕೂಡ ಸಿ ಶಾರ್ಪ್‌ಗೆ ಇಳಿಯುತ್ತದೆ. ಒಂದು ಕಾರ್ಡ್‌ನ ಮೂರನೇ ನೋಟ್ ಇದ್ದ ಕಡೆಯೇ ಮುಂದಿನದರ ಏಳನೇ ನೋಟ್, ಏಳನೇದು ಇದ್ದ ಕಡೆ ಮೂರನೇದು. ಜಿ7 ತನಕ ಎರಡು ಬೆರಳು ಸೆಮಿಟೋನ್ ಸೆಮಿಟೋನ್ ಆಗಿ ಇಳಿಯುತ್ತಾ ಹೋದರೆ ಆಯಿತು. ನಿಧಾನಕ್ಕೆ ನುಡಿಸಿ ನೋಡಿ, ಎಷ್ಟು ಚೆಂದ ಕೇಳುತ್ತದೆ!

ಆದರೆ ಇನ್‌ವರ್ಶನ್ ಬಗ್ಗೆ, ಅಂದರೆ ಕಾರ್ಡ್‌ನ ಮೂಲ ನೋಟ್ ಬಿಟ್ಟು ಬೇರೆ ನೋಟನ್ನು ಬೇಸ್‌ನಲ್ಲಿ (ಎಲ್ಲಕ್ಕಿಂತ ಕೆಳಗೆ) ಇಡುವುದರ ಬಗ್ಗೆ, ಒಂದು ಮಾತೂ ಇಲ್ಲ. ಇದು ದೊಡ್ಡ ಕೊರತೆ. ಡಿ7 ನುಡಿಸುವಾಗ ಬೇಸ್‌ನಲ್ಲಿ ಸಿ ಇಟ್ಟರೆ, ಆ ಸಿ ಬಿಗೆ ಇಳಿಯಲೇಬೇಕು. ಹಾಗಾಗಿ ಮುಂದಿನ ಜಿ ಕಾರ್ಡ್ ಕೂಡ ಬಿ ಬೇಸ್ ಮೇಲೆ ಬರುತ್ತದೆ. ಹಾಡಿಗೆ ನುಡಿಸುವವರಿಗೆ ದಿನಾ ಬೇಕಾಗುವ ವಿಷಯ ಇದು.

ಕ್ವಿಜ್ ಅಂತೂ ಬೇಸರ ತರಿಸಿತು. ಇ7 ಆದಮೇಲೆ ಎಫ್ ಒತ್ತಿದರೆ ತಪ್ಪು ಅನ್ನುತ್ತದೆ. ಎ ಮೈನರ್ ಒಂದೇ ಅದಕ್ಕೆ ಸರಿ. ಎಫ್‌ನಲ್ಲೂ ಎ ಮತ್ತು ಸಿ ಇವೆಯಲ್ಲ! ಜಿ ಶಾರ್ಪ್ ಎಂದಿನಂತೆ ಏರುತ್ತದೆ, ಡಿ ಎಂದಿನಂತೆ ಇಳಿಯುತ್ತದೆ. ಬೇಸ್ ಮಾತ್ರ ನಾವು ಕಾಯುತ್ತಿದ್ದ ಎ ಬಿಟ್ಟು ಎಫ್‌ಗೆ ಹೋಗುತ್ತದೆ. ಡಿಸೆಪ್ಟಿವ್ ರೆಸಲ್ಯೂಷನ್ ಅಂತ ಅದಕ್ಕೆ ಹೆಸರೇ ಇದೆ. ಕಿವಿಗೆ ಚೆನ್ನಾಗಿ ಕೇಳಿಸಿದ್ದನ್ನು ತಪ್ಪು ಅಂತ ಹೇಳಿಬಿಟ್ಟರೆ, ಕಲಿಯುವವರು ಮತ್ತೆ ಅದನ್ನು ಮುಟ್ಟೋದೇ ಇಲ್ಲ.

ಸಾಧಾರಣ ಕಾರ್ಡ್‌ಗಳು ಕೈಗೆ ಕೂತಿದ್ದರೆ ಧೈರ್ಯವಾಗಿ ತಗೊಳ್ಳಿ. ಕ್ವಿಜ್ ಬಿಟ್ಟುಬಿಡಿ. ಸರಪಳಿ ಪಾಠವನ್ನು ಜಿ ಮೇಜರ್, ಎಫ್ ಮೇಜರ್‌ನಲ್ಲೂ ನೀವೇ ನುಡಿಸಿಕೊಳ್ಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ.