ಮಾರ್ಷಲ್‌ನ 106, ಟೆಕುಲ್ವಿಯ 94: ಯಾವ ಸೀಸನ್ ಮೊದಲು?

ಬೇಸ್‌ಬಾಲ್‌ನ ರಿಲೀಫ್ ಪಿಚಿಂಗ್ (ಪಂದ್ಯದ ನಡುವೆ ಆರಂಭಿಕ ಪಿಚರ್ ಬದಲಿಗೆ ಬಂದು ಚೆಂಡೆಸೆಯುವುದು) ಅರಿಯಲು ಒಂದೇ ಸೀಸನ್ ಆರಿಸುವುದಾದರೆ ನನ್ನ ಆಯ್ಕೆ ಮೈಕ್ ಮಾರ್ಷಲ್. 1974ರಲ್ಲಿ ಡಾಡ್ಜರ್ಸ್ ಪರ 106 ಪಂದ್ಯ, ಸತತ 13 ಪಂದ್ಯಗಳಲ್ಲಿ ಕಣಕ್ಕೆ! ಒಂದರಲ್ಲೂ ಆರಂಭಿಕನಲ್ಲ, ಆದರೂ 208ಕ್ಕೂ ಹೆಚ್ಚು ಇನ್ನಿಂಗ್ಸ್ (ಎದುರಾಳಿಯ ಮೂವರು ಔಟಾಗುವವರೆಗಿನ ಸರದಿ). ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ ಮೊದಲ ರಿಲೀವರ್ ಕೂಡ ಇವನೇ.

ಕೆಂಟ್ ಟೆಕುಲ್ವಿ ಕೈಯನ್ನು ಸೊಂಟಕ್ಕಿಂತ ಕೆಳಗಿಂದ ಬೀಸಿ ಎಸೆಯುತ್ತಿದ್ದ. 1979ರಲ್ಲಿ 94 ಪಂದ್ಯ, ಅದೇ ವರ್ಷ ಅವನ ತಂಡ ಪೈರೇಟ್ಸ್‌ಗೆ ವರ್ಲ್ಡ್ ಸೀರೀಸ್ ಚಾಂಪಿಯನ್ ಪಟ್ಟ. ನಲವತ್ತರ ವಯಸ್ಸಿನಲ್ಲಿ, 1987ರಲ್ಲಿ, ಮತ್ತೆ 90! ಶೈಲಿಯ ಸೊಗಸು, ದೀರ್ಘ ಬಾಳಿಕೆ ನೋಡಬೇಕೆಂದರೆ ಇವನೇ ಸರಿ.

ಪೆಡ್ರೊ ಫೆಲಿಸಿಯಾನೊ 2010ರಲ್ಲಿ ಮೆಟ್ಸ್‌ಗೆ 92 ಪಂದ್ಯ ಆಡಿದ. ಇನ್ನಿಂಗ್ಸ್ ಮಾತ್ರ ಸುಮಾರು 62. ಎಡಗೈ ಬ್ಯಾಟರ್‌ಗಳನ್ನು ಕಟ್ಟಿಹಾಕುವುದೇ ಅವನ ಮುಖ್ಯ ಕೆಲಸ. 2010ರ ಸುಮಾರಿನ ರೀತಿ ತಿಳಿಯಲು ಅವನನ್ನು ನೋಡಿ.